ಎಂಟೂ ಮುಕ್ಕಾಲು ಇಂಚಿನ ಹೆಜ್ಜೆ

ಬುಟ್ಟಿ ಎತ್ತಿದಾಗ ಹೆಜ್ಜೆ ಸುಟ್ಟ ಹಂಚಿನ ಹಾಗೆ ಗಟ್ಟಿಯಾಗಿತ್ತು. ಹಿಮ್ಮಡಿ, ಅಂಗಾಲಿನ ತಗ್ಗು, ಐದು ಬೆರಳು, ಹೆಬ್ಬೆರಳಿನ ಮುಂದೆ ಒತ್ತಿ ಎದ್ದ ಮಣ್ಣಿನ ಏರಿ, ಎಲ್ಲ ಸ್ಪಷ್ಟ. ಸುತ್ತಲೂ ಕಿರುಬೆರಳು ಇಳಿಯುವಷ್ಟು ಅಗಲದ ಬಿರುಕು. ನಾನು ಮೊಣಕಾಲೂರಿ ಕುಳಿತು ಧೂಳು ಊದಿದೆ. ಬಿರುಕನ್ನೂ ನೋಡಿದೆ. ನೋಡಿ ಏನು ಮಾಡಿದೆ? ಪ್ಲಾಸ್ಟರ್ ಅದರೊಳಗೆ ಹರಿದುಹೋಗದಿರಲಿ ಎಂದು ಹಸಿ ಮಣ್ಣು ಕಲಸಿ ತುಂಬಿ ಮುಚ್ಚಿದೆ. ಇದೇ ಎರಡು ಕೈಗಳಿಂದ ಮುಚ್ಚಿದೆ.

ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಊರಿನ ಸೀಮೆಯಲ್ಲಿ ಕುಬೇರಪ್ಪನವರ ಹೊಲ ಅದು. ಶನಿವಾರ ಸಂಜೆ ಅಡ್ಡಮಳೆ ಹೊಡೆದಿತ್ತು. ರವಿವಾರ ಮುಂಜಾನೆ ಹೊಲದ ಕಾವಲುಗಾರ ಮಡಿವಾಳಪ್ಪ ಗುಡಿಸಲ ಮುಂದೆ ತಲೆ ಒಡೆದು ಸತ್ತು ಬಿದ್ದಿದ್ದ. ಗುಡಿಸಲಿನಿಂದ ಬದುವಿನ ತನಕ ಬರಿಗಾಲಿನ ಹೆಜ್ಜೆಗಳು. ಫೌಜದಾರರು ಒಳ್ಳೆಯದೊಂದನ್ನು ಆರಿಸಿ ಬುಟ್ಟಿ ಬೋರಲು ಹಾಕಿಸಿ, ಧಾರವಾಡಕ್ಕೆ ತಂತಿ ಕೊಟ್ಟರು. ಅಲ್ಲಿಂದ ನಾವು ಬರುವಷ್ಟರಲ್ಲಿ ಗುರುವಾರ ಆಗಿತ್ತು. ಮೇ ತಿಂಗಳ ಬಿಸಿಲು ನಾಲ್ಕೂ ದಿನ ಹೊಲವನ್ನು ಹುರಿದಿತ್ತು.

ನಾವು ಅಂದರೆ ಗುರುಸಿದ್ದಯ್ಯ ಸರ್ ಮತ್ತು ಅವರ ಕೈಯಲ್ಲಿ ಗುನ್ಹೆ ತಪಾಸಣೆಯ ಶಾಸ್ತ್ರ ಕಲಿಯುತ್ತಿದ್ದ ಹನ್ನೊಂದು ಮಂದಿ. ಹತ್ತೊಂಬತ್ತುನೂರಾ ಅರವತ್ತಮೂರನೆಯ ಇಸವಿ. ಪೊಲೀಸರಿಗೆಂದೇ ನಡೆಸಿದ ಆರು ತಿಂಗಳ ತರಗತಿ. ರಕ್ತದ ಕಲೆ, ಬೆರಳಚ್ಚು, ಗುಂಡಿನ ಗಾಯ, ಹೆಜ್ಜೆ ಗುರುತು. ಹತ್ತು ಮಂದಿ ಮ್ಯಾಟ್ರಿಕ್ ಮೇಲಿನವರು. ಸಪ್ತಾಪುರದಲ್ಲಿ ಖೋಲಿ ಹಿಡಿದಿದ್ದ ವೆಂಕಣ್ಣನಂತೂ ಬಿ.ಎಸ್ಸಿ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿ ಸಾಲಿ ಬಿಟ್ಟ ಕಾನ್‌ಸ್ಟೇಬಲ್. ಬಿಟ್ಟೆ ಎಂದು ಬರೆಯುತ್ತೇನೆ, ಬಿಡಿಸಿದರು ಎಂದು ಬರೆದರೂ ತಪ್ಪಲ್ಲ. ಏಳು ವರ್ಷ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತು ಒಳಗಿನ ಫಳಿಯ ಮೇಲಿನ ಬರಹ ಓದಿದವನಿಗೆ ಎಂಟನೆಯ ವರ್ಷವೂ ಕೂಡುವ ತಾಳ್ಮೆ ಇರಲಿಲ್ಲ. ಆಮೇಲೆ ಆರು ವರ್ಷ ಹುಬ್ಬಳ್ಳಿಯ ಹೊರಗಿನ ಇಟ್ಟಿಗೆ ಭಟ್ಟಿಯಲ್ಲಿ ಅವ್ವನ ಜೊತೆ ಇಟ್ಟಂಗಿ ಕೊಯ್ದೆ. ತರಗತಿಗೆ ನನ್ನನ್ನು ತೆಗೆದುಕೊಂಡದ್ದೂ ಅದಕ್ಕೇ. ಪ್ಲಾಸ್ಟರ್ ಕಲಸಲು, ಎರಕ ಹೊಯ್ಯಲು, ಮಣ್ಣಿನಲ್ಲಿ ಪಳಗಿದ ಕೈ ಬೇಕಾಗಿತ್ತು. ವೆಂಕಣ್ಣ ಮೊದಲ ವಾರವೇ ನನಗೆ ಹೆಸರಿಟ್ಟಿದ್ದ: ಇಟ್ಟಂಗಿ ಸಾಹೇಬ.

ಪ್ಲಾಸ್ಟರಿಗೆ ನೀರು ಬೇಕಾಯಿತು. ಕುಬೇರಪ್ಪನವರ ಆಳು ಬಾವಿಯಿಂದ ಕೊಡ ತಂದ. ಬೋಗುಣಿ ಕೆಳಗಿಡು ಅಂದ. ಇಟ್ಟೆ. ಎರಡು ಹೆಜ್ಜೆ ಹಿಂದೆ ಸರಿ ಅಂದ. ಸರಿದೆ. ಮೇಲಿನಿಂದ ನೀರು ಸುರುವಿದ. ಗುರುಸಿದ್ದಯ್ಯ ಸರ್ ಅದನ್ನು ನೋಡಿದರು. ಹಣೆಯ ವಿಭೂತಿಯ ಕೆಳಗೆ ಹುಬ್ಬು ಗಂಟಿಕ್ಕಿ ಬದುವಿನ ಕಡೆ ಮುಖ ಮಾಡಿದರು. ನಾನು ಹಲ್ಲು ಕಚ್ಚಿ ಕಲಸಿದೆ. ಎರಕ ಮಾತ್ರ ಎಷ್ಟು ಛಲೋ ಬಂತೆಂದರೆ, ಎತ್ತಿದಾಗ ಹೆಬ್ಬೆರಳ ಮೇಲಿನ ಸಣ್ಣ ಸೀಳೂ ಕಾಣುತ್ತಿತ್ತು.

"ನೋಡ್ರೋ," ಸರ್ ಎಲ್ಲರಿಗೂ ತೋರಿಸಿದರು. "ಹಿಂಗ ತಗೀಬೇಕು. ವೆಂಕಣ್ಣ, ನೀ ತಗದದ್ದು ಕಾಲೋ ಗೆಣಸೋ ತಿಳೀಲಿಲ್ಲ. ಅಳೀಪಾ ಅರ್ಜುನಾ."

ಹಿಮ್ಮಡಿಯಿಂದ ಹೆಬ್ಬೆರಳಿಗೆ ಎಂಟೂ ಮುಕ್ಕಾಲು ಇಂಚು.

"ಗಂಡಸಿನ ಕಾಲಲ್ಲ," ಅಂದರು ಸರ್. ಕುಬೇರಪ್ಪನವರು ಪಕ್ಕದಲ್ಲೇ ಛತ್ರಿ ಹಿಡಿದು ನಿಂತಿದ್ದರು. "ನಾ ಹೇಳಿದ್ನಲ್ರಿ ಸಾಹೇಬ್ರ," ಅಂದರು. "ಶೇವಂತೆವ್ವನ ಕಾಲ ಅದು. ಮುನ್ನಾ ದಿನಾ ಊರೆಲ್ಲಾ ಕೇಳೂಹಂಗ ನಿನ್ನ ಹೆಣಾ ಬೀಳ್ಲೀ ಅಂತ ಮಡಿವಾಳಪ್ಪಗ ಬೈದಾಳ."

ಶೇವಂತೆವ್ವ ಗಂಡ ಸತ್ತವಳು. ಕುಬೇರಪ್ಪನವರ ಹೊಲದ ಬದುವಿಗೆ ಅಂಟಿ ಅವಳದೊಂದು ಹೊಲದ ಪಟ್ಟಿ ಇತ್ತು. ದಾರಿ ಬಿಡುವುದಿಲ್ಲವೆಂದು ಮಡಿವಾಳಪ್ಪ ಜಗಳ ತೆಗೆಯುತ್ತಿದ್ದನಂತೆ. ಅವಳು ಬೈದದ್ದು ಖರೇ. ಅವಳನ್ನು ಹುಬ್ಬಳ್ಳಿಯ ಠಾಣೆಯಲ್ಲಿ ಕೂಡಿ ಹಾಕಿ ನಾಲ್ಕು ದಿನ ಆಗಿತ್ತು.

ಮರುದಿನ ಅವಳ ಕಾಲಿನ ಗುರುತು ತೆಗೆಯಲು ನನ್ನನ್ನೇ ಕೂಡಿಸಿದರು. ಅಂಗಾಲಿಗೆ ಮಸಿ ಹಚ್ಚಿ ಕಾಗದದ ಮೇಲೆ ನಿಲ್ಲಿಸಬೇಕು. ಮೂವತ್ತರ ಒಳಗಿನ ಹೆಣ್ಣುಮಗಳು, ಒಣಗಿದ ಮೈ. ನಾನು ಕಾಲು ಹಿಡಿಯಹೋದಾಗ ಗಾಬರಿಯಾಗಿ ಹಿಂದೆ ಸರಿದಳು.

"ಯಪ್ಪಾ, ಕಾಲ ಮುಟ್ಟಬ್ಯಾಡ್ರಿ. ಮಸಿ ಯಾಕ ಹಚ್ಚತೀರಿ?"

"ಅಳತಿಗೆ ಯಕ್ಕಾ. ಸುಮ್ನ ನಿಂದರು."

"ಅಳದು ಏನ ಮಾಡ್ತೀರಿ? ಚಪ್ಪಲಿ ಹೊಲಸ್ತೀರೇನು?"

ಠಾಣೆಯವರು ನಕ್ಕರು. ನಾನೂ ನಕ್ಕೆ. ನೆನೆದರೆ ಈಗಲೂ ಮೈ ಉರಿಯುತ್ತದೆ. ಕಾಗದದ ಮೇಲೆ ಅಳತೆಪಟ್ಟಿ ಇಟ್ಟೆ. ಎಂಟೂ ಮುಕ್ಕಾಲು. ಕೂದಲೆಳೆಯ ವ್ಯತ್ಯಾಸವಿಲ್ಲ. ನನ್ನ ಎದೆ ಉಬ್ಬಿತು. ಶನಿವಾರ ವರದಿ ಟೈಪಾಯಿತು. ಕೆಳಗೆ 'ಎರಕ ಮತ್ತು ಅಳತೆ ತೆಗೆದವರು' ಎಂಬಲ್ಲಿ ನನ್ನ ಹೆಸರು. ಸರಕಾರದ ಕಾಗದದ ಮೇಲೆ ನನ್ನ ಹೆಸರನ್ನು ಯಂತ್ರ ಅಚ್ಚು ಹಾಕಿದ್ದು ಅದೇ ಮೊದಲು. ಸಹಿ ಮಾಡಿ, ಕಾರ್ಬನ್ ಪ್ರತಿಯೊಂದನ್ನು ಕೇಳಿ ತೆಗೆದುಕೊಂಡು ರವಿವಾರ ಮನೆಗೆ ಓಡಿದೆ, ಅವ್ವನಿಗೆ ತೋರಿಸಲು.

ಕಮರಿಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಭಟ್ಟಿಗೆ ವಾರದ ರಜೆ. ಕಾಗದ ಅವಳ ಮುಂದೆ ಹಿಡಿದು ನನ್ನ ಹೆಸರಿನ ಮೇಲೆ ಬೆರಳಿಟ್ಟೆ. ಅವಳಿಗೆ ಓದು ಬಾರದು. ಆದರೂ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಅಕ್ಷರ ಮುಟ್ಟಿ ನೋಡಿದಳು.

"ಇದರಾಗ ಏನಂತ ಬರದೈತಿ?"

"ಸುಳ್ಳದ ಆ ಹೆಣಮಗಳ ಕಾಲೂ ಹೊಲದಾಗಿನ ಹೆಜ್ಜಿನೂ ಒಂದ ಅಳತಿ ಅಂತ. ನಾ ಅಳದದ್ದು."

"ಮಳಿ ಬಂದ ದಿನಾ ತುಳದ ಹೆಜ್ಜಿ?"

"ಹೂಂ."

"ನೀ ಅಳದದ್ದು ಯಾವತ್ತು?"

"ಬೇಸ್ತವಾರ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಸುಳ್ಳದ ಕಡೆ ಕರಿ ಮಣ್ಣಿನ ಎರಿ ಭೂಮಿ ಅಲ್ಲೇನೋ ತಮ್ಮಾ?" ಅಂದಳು.

ಕಾಗದ ಹಿಡಿದ ಕೈ ಕೆಳಗಿಳಿಸಿದೆ.

"ನಮ್ಮ ಅಚ್ಚಿನ ಪೆಟಗಿ ಎಷ್ಟುದ್ದ ಐತಿ?"

"ಒಂಬತ್ತೂವರಿ ಇಂಚು."

"ಇಟ್ಟಂಗಿ?"

"ಒಂಬತ್ತು."

"ಕೆರಿ ಮಣ್ಣ ಅರ್ಧಾ ಇಂಚ ಕುಗ್ಗತೈತಿ. ಎರಿ ಮಣ್ಣಾಗ ಯಾಕ ಇಟ್ಟಂಗಿ ಕೊಯ್ಯಂಗಿಲ್ಲಾ ಅಂತ ನಿನಗ ಆರ ವರ್ಷ ಹೇಳಿಕೊಟ್ಟೆ. ಕುಗ್ಗಿ ಕುಗ್ಗಿ ಸೀಳಿ ಹೋಗತೈತಿ ಅಂತ. ಹೆಜ್ಜಿ ಸುತ್ತ ಸೀಳಿತ್ತಿಲ್ಲೋ?"

ಸೀಳಿತ್ತು. ಕಿರುಬೆರಳು ಇಳಿಯುವಷ್ಟು ಸೀಳಿತ್ತು. ಕುಗ್ಗಿದ ಅಳತೆಯೆಲ್ಲ ಆ ಬಿರುಕಿನಲ್ಲೇ ಕೂತಿತ್ತು. ನಾನು ಅದನ್ನು ಮುಚ್ಚಿ, ಮೇಲೆ ಬಿಳಿ ಪ್ಲಾಸ್ಟರ್ ಹೊಯ್ದು, ಸಹಿ ಮಾಡಿ ಬಂದಿದ್ದೆ. ಹೆಜ್ಜೆ ಇಟ್ಟವನ ಕಾಲು ಎಂಟೂ ಮುಕ್ಕಾಲು ಇರಲಿಲ್ಲ. ಒಂಬತ್ತೂವರೆ ಇದ್ದೀತು, ಹತ್ತೂ ಇದ್ದೀತು. ಶೇವಂತೆವ್ವನ ಕಾಲು ಆ ಹಸಿ ಹೆಜ್ಜೆಯೊಳಗೆ ಸಡಿಲಾಗಿ ಕೂಡುತ್ತಿತ್ತು.

ಭಟ್ಟಿಯ ಪ್ರತಿ ಹುಡುಗನಿಗೂ ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು. ಆದರೆ ಪ್ಯಾಂಟು ಹಾಕಿಕೊಂಡು ಅಳತೆಪಟ್ಟಿ ಹಿಡಿದ ಮೇಲೆ ಭಟ್ಟಿಯಲ್ಲಿ ಕಲಿತದ್ದನ್ನು ವಿದ್ಯೆ ಎಂದು ನಾನೇ ಎಣಿಸಿರಲಿಲ್ಲ. ಯಾರು ನನ್ನನ್ನು ಕಟ್ಟೆಯ ಮೇಲೆ ಕೂಡಿಸಿದ್ದರೋ ಅವರ ಹಾಗೆಯೇ ನಾನೂ ನನ್ನ ಕೈಗಳನ್ನು ಬಾಗಿಲ ಹೊರಗೆ ಕೂಡಿಸಿದ್ದೆ.

"ರೊಟ್ಟಿ ತಿನ್ನು," ಅಂದಳು ಅವ್ವ. ನಾನು ಕಾಗದ ಕಿಸೆಗಿಟ್ಟು ಎದ್ದೆ.

ಸೋಮವಾರ ತರಗತಿಗೆ ಮೊದಲೇ ಗುರುಸಿದ್ದಯ್ಯ ಸರ್ ಮುಂದೆ ನಿಂತೆ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪುಣೆಯಲ್ಲಿ ಕಲಿತು ಬಂದವರು, ಹನ್ನೊಂದು ವರ್ಷದಿಂದ ಈ ಸೀಮೆಯಲ್ಲಿ ಹೆಜ್ಜೆ ಗುರುತಿಗೆ ಅವರದೇ ಕೊನೆಯ ಮಾತು. ಕೋರ್ಟಿನಲ್ಲಿ ಅವರು ಅಳತೆ ಹೇಳಿದರೆ ವಕೀಲರು ಅಡ್ಡ ಪ್ರಶ್ನೆ ಕೇಳುತ್ತಿರಲಿಲ್ಲ.

"ಯಾರು ಹೇಳಿದ್ರು ಇದನ್ನ?"

"ನಮ್ಮವ್ವ."

ಹಿಂದಿನಿಂದ ವೆಂಕಣ್ಣ ಕಿಸಕ್ಕನೆ ನಕ್ಕ. "ಸರ್, ಇನ್ನ ಮುಂದ ಲೆಕ್ಚರ್ ಅವರಿಂದನ ಕೊಡಸೋಣ. ಇಟ್ಟಂಗಿ ಸಾಹೇಬನ ತಾಯಿ ಅಂದ್ರ ಪ್ರೊಫೆಸರೇ ಅಲ್ಲೇನ್ರಿ."

"ವೆಂಕಣ್ಣ, ಬಾಯಿ ಮುಚ್ಚು." ಸರ್ ದನಿ ಏರಿಸಲಿಲ್ಲ. ನನ್ನ ಕಡೆ ತಿರುಗಿದರು. "ಪುಸ್ತಕದಾಗ ಎಲ್ಲೈತಿ ಇದು? ತೋರಸು."

"ಪುಸ್ತಕದಾಗ ಬರ್ಫದ ಮ್ಯಾಲಿನ ಹೆಜ್ಜಿ ಐತ್ರಿ, ಉಸುಕಿನ ಮ್ಯಾಲಿಂದು ಐತ್ರಿ. ಬರದವ ಸುಳ್ಳದ ಹೊಲಾ ನೋಡಿಲ್ರಿ. ನಮ್ಮ ಸೀಮ್ಯಾಗ ಬರ್ಫ ಬೀಳಂಗಿಲ್ರಿ ಸರ, ಎರಿ ಭೂಮಿ ಸೀಳತೈತ್ರಿ!" ನಾನು ಕೂಗುತ್ತಿದ್ದೆ. ಕೂಗುತ್ತಿದ್ದೇನೆಂದು ಗೊತ್ತಾದರೂ ನಿಲ್ಲಿಸಲಾಗಲಿಲ್ಲ. "ಕಣ್ಣ ನಂಬಬ್ಯಾಡ್ರಿ, ಅಳತಿ ನಂಬ್ರಿ ಅಂತ ನೀವ ಕಲಿಸೀರಿ. ಹಂಗಾದ್ರ ಅಳೀರಿ. ಹಸಿ ಇದ್ದಾಗೊಮ್ಮೆ ಅಳೀರಿ, ಒಣಗಿದ ಮ್ಯಾಲೊಮ್ಮೆ ಅಳೀರಿ. ಆ ಹೆಣಮಗಳು ನನ್ನ ಅಳತಿ ಸಲುವಾಗಿ ಜೈಲಿಗೆ ಹೊಂಟಾಳ್ರಿ ಸರ!"

ವರದಿ ಬರುವ ಶನಿವಾರ ಮಧ್ಯಾಹ್ನ ಕೋರ್ಟಿಗೆ ಹೋಗಬೇಕಿತ್ತು. ಸರ್ ಅದರ ಮೇಲೆ ಆಗಲೇ ಸಹಿ ಹಾಕಿದ್ದರು.

"ಮಣ್ಣು ತಾ," ಅಂದರು ಕೊನೆಗೆ. "ಅದೇ ಹೊಲದ್ದು. ನಾಳೆ ನನ್ನ ಕಾಲಿಡ್ತೇನಿ. ಅಳದು, ಕೋಣ್ಯಾಗಿಟ್ಟು ಕೀಲಿ ಹಾಕ್ತೇನಿ. ಶನಿವಾರ ಮುಂಜಾನೆ ತನಕಾ ನೀ ಆ ಬಾಗಲಾ ಮುಟ್ಟಬಾರದು. ಕುಗ್ಗಲಿಲ್ಲಾ ಅಂದ್ರ, ನೀ ಪೊಲೀಸ್ ಲೈನಿಗೆ ವಾಪಸ್. ದೊಡ್ಡ ಸಾಹೇಬರ ಕುದರಿ ತೊಳಕೋತ ಇರು. ಕಬೂಲ?"

"ಕಬೂಲ್ರಿ."

ಆ ದಿನವೇ ಸುಳ್ಳಕ್ಕೆ ಹೋಗಿ ಗೋಣಿಚೀಲದಲ್ಲಿ ಮಣ್ಣು ತುಂಬಿಕೊಂಡು ಬಂದೆ. ಬಸ್ಸಿನ ಕಂಡಕ್ಟರ್ ಚೀಲಕ್ಕೆ ಕಾಲು ತಾಗಿಸಿ, "ಏನೈತೋ ಇದರಾಗ?" ಅಂದ. ಮಣ್ಣು ಅಂದೆ. "ಧಾರವಾಡದಾಗ ಮಣ್ಣು ತೀರೇತೇನ? ಹುಚ್ಚ ಹಿಡದೈತೇನೋ ನಿನಗ?" ಬಸ್ಸೆಲ್ಲ ನಕ್ಕಿತು. ಚೀಲವನ್ನು ತೊಡೆಯ ನಡುವೆ ಒತ್ತಿ ಹಿಡಿದು ಕೂತೆ.

ಮಂಗಳವಾರ ಮಧ್ಯಾಹ್ನ ಎರಡಡಿ ಉದ್ದದ ತಗಡಿನ ತಾಟಿನಲ್ಲಿ ಮಣ್ಣು ಕಲಸಿದೆ. ಸರ್ ಬೂಟು ಬಿಚ್ಚಿದರು, ಕಾಲುಚೀಲ ಬಿಚ್ಚಿದರು. ಹಿರೇಮಠದ ಅಯ್ಯನವರು ಅವರು. ಅವರ ಓಣಿಯಲ್ಲಿ ಹೆಂಗಸರು ಬಗ್ಗಿ ಆ ಪಾದ ಮುಟ್ಟಿ ನಮಸ್ಕಾರ ಮಾಡುವುದನ್ನು ನಾನು ಕಂಡಿದ್ದೆ. ನಾನು ಕಲಸಿದ ಕೆಸರಿನಲ್ಲಿ ಆ ಪಾದ ಊರಿದರು, ಮೈಯೆಲ್ಲ ಭಾರ ಬಿಟ್ಟು. ಎತ್ತಿ, ಮೂಲೆಯ ಬಕೀಟಿನಲ್ಲಿ ತಾವೇ ತೊಳೆದುಕೊಂಡರು. ವೆಂಕಣ್ಣ ಅಳೆದ. ಸರಿಯಾಗಿ ಹತ್ತು ಇಂಚು. ಬರೆದು ಮೂವರೂ ಸಹಿ ಹಾಕಿದೆವು. ತಾಟನ್ನು ಹಿಂದಿನ ಸಾಮಾನಿನ ಕೋಣೆಯಲ್ಲಿಟ್ಟು ಸರ್ ಬೀಗ ಹಾಕಿ ಕೀಲಿಯನ್ನು ಕಿಸೆಗೆ ಹಾಕಿಕೊಂಡರು.

ಬುಧವಾರ ಮಳೆ ಬಂತು.

ಸುಳ್ಳದಲ್ಲಿ ಬೀಳದ ಮಳೆ ಧಾರವಾಡದಲ್ಲಿ ಬೀಳುತ್ತದೆ, ಅದು ನನಗೆ ಗೊತ್ತಿದ್ದದ್ದೇ. ಆದರೂ ಮೋಡ ನೋಡಿ ಬಾಯಿಗೆ ಬಂದದ್ದೆಲ್ಲ ಬೈದೆ. ತರಗತಿಯಲ್ಲಿ ಸರ್ ಸುಟ್ಟ ಗಾಯದ ಬಗ್ಗೆ ಹೇಳುತ್ತಿದ್ದರು, ನಾನು ಹಂಚಿನ ಮೇಲಿನ ಸಪ್ಪಳ ಕೇಳುತ್ತಿದ್ದೆ. ಒಣಗದಿದ್ದರೆ ಕುಗ್ಗುವುದಿಲ್ಲ. ಶನಿವಾರ ಬಾಗಿಲು ತೆರೆದಾಗ ಕೆಸರು ಕೆಸರಾಗಿಯೇ ಇದ್ದರೆ? ಹತ್ತಕ್ಕೆ ಹತ್ತು ಬಂದರೆ? ಅವಳ ಕಾಗದ ಕೋರ್ಟಿಗೆ ಹೋಗುತ್ತದೆ. ಮಡಿವಾಳಪ್ಪನ ಹೆಣ ಅವಳ ಕೊರಳಿಗೆ.

ಊಟದ ಬಿಡುವಿನಲ್ಲಿ ಆ ಕೋಣೆಯ ಹೊರಗೆ ನಿಂತೆ. ಒಳಗೆ ಏನೋ ತೊಟ್ಟಿಕ್ಕುತ್ತಿತ್ತು. ಟಪ್. ಸ್ವಲ್ಪ ತಡೆದು, ಟಪ್. ಓಡಿ ಹೋಗಿ ಸರ್‌ಗೆ ಹೇಳಿದೆ.

"ಸರ, ಕೋಣಿ ಸೋರಾಕತ್ತೈತ್ರಿ. ತಾಟಿನ್ಯಾಗ ಬಿದ್ರ ಎಲ್ಲಾ ಹಾಳಾಗತೈತ್ರಿ. ಬಾಗಲಾ ತಗೀರಿ, ಒಂಚೂರ ಸರಸ್ತೇನಿ."

"ಬಾಗಲಾ ಮುಟ್ಟಿದ್ಯೇನು?"

"ಇಲ್ರಿ. ಕಿವಿ ಇಟ್ಟಿದ್ದೆ."

"ಕಿವಿನೂ ಇಡಬ್ಯಾಡ. ಒಳಗ ಹೋಗಿ ಬಂದಿ ಅಂದ್ರ, ನಾಳೆ ವಕೀಲ ಕೇಳತಾನ: ಬಿಸಿ ಬೂದಿ ಹಾಕಿ ಒಣಗಿಸಿದ್ಯೇನು, ಅಂಚು ಕೆತ್ತಿದ್ಯೇನು? ಏನ್ ಹೇಳ್ತಿ? ಪರೀಕ್ಷಾ ನಿನ್ನದು. ಅದಕ್ಕ ನೀ ದೂರ ಇರಬೇಕು."

ಅದು ನ್ಯಾಯದ ಮಾತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಗುರುವಾರ ಕುಬೇರಪ್ಪನವರ ಜೀಪು ಬಂತು. ಒಳಗಿನ ಮಾತು ಅಂಗಳಕ್ಕೆ ಕೇಳುತ್ತಿತ್ತು. "ಒಂದ ಹೆಜ್ಜಿ ಅಳ್ಯಾಕ ಎಷ್ಟ ದಿನಾ ಬೇಕ್ರಿ ಅಯ್ಯಾರ? ಊರಾಗ ಮಂದಿ ಏನೇನೋ ಮಾತಾಡಾಕತ್ತಾರ." ಸರ್ ಏನು ಹೇಳಿದರೋ ಕೇಳಲಿಲ್ಲ. ಹೊರಗೆ ಬಂದ ಕುಬೇರಪ್ಪನವರು ನನ್ನ ಗುರುತು ಹಿಡಿದರು. "ಪ್ಲಾಸ್ಟರ್ ಹಾಕಿದಾಂವ ನೀನ ಅಲ್ಲಾ? ಛಲೋ ಕೆಲಸಾ ಮಾಡೀಯಪಾ," ಅಂದರು. ಆ ಹೊಗಳಿಕೆ ನನಗೆ ಉಗುಳಿದ ಹಾಗೆ ಹತ್ತಿತು. ಸಲಾಮು ಹೊಡೆದೆ. ಕೈ ತಾನಾಗಿಯೇ ಏರಿತು, ಏನು ಮಾಡಲಿ.

ಶುಕ್ರವಾರ ಬಿಸಿಲು ಬಿತ್ತು. ಕೋಣೆಗೆ ಪಡುವಣಕ್ಕೊಂದು ಸಣ್ಣ ಕಿಟಕಿ ಇತ್ತು. ಬಿಸಿಲು ಅದಕ್ಕೆ ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಅಂಗಳದ ಆಚೆ ನಿಂತು ನೋಡಿದೆ. ಒಂದೂವರೆ ತಾಸು. ಅಷ್ಟೇ. ಇಟ್ಟಂಗಿಯಾಗಿದ್ದರೆ ಮಗ್ಗುಲು ಬದಲಿಸುತ್ತಿದ್ದೆ.

ವೆಂಕಣ್ಣ ಬಂದು ಪಕ್ಕದಲ್ಲಿ ನಿಂತ. "ಏನಪಾ, ಬಿಸಲಿಗೆ ಕಾವಲ ಕೂತೀಯೇನು?" ಅಂದ. ನಾನು ಮುಖ ತಿರುಗಿಸಿದೆ. ಅವನು ಕಿಟಕಿಯ ಕಡೆ ನೋಡುತ್ತ, "ನಾ ಕ್ಲೇ ಮಣ್ಣಿನ ಬಗ್ಗೆ ಓದೇನಿ ಅರ್ಜುನಾ," ಅಂದ. "ಕುಗ್ಗತದ ಅಂತನ ಅದ. ಪರೀಕ್ಷಾದಾಗ ಬರದೇನಿ, ಮಾರ್ಕೂ ಬಂದಾವ. ಹೊಲದಾಗ ನಿಂತಾಗ ನೆನಪಾಗಲಿಲ್ಲ ನೋಡು." ಅವನ ಮುಖದಲ್ಲಿ ನಗು ಇರಲಿಲ್ಲ. ಅವನ ಮೇಲಿನ ಸಿಟ್ಟನ್ನು ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ.

ಶನಿವಾರ ಹತ್ತು ಗಂಟೆಗೆ ಹನ್ನೊಂದು ಮಂದಿಯೂ ಬಾಗಿಲ ಮುಂದೆ ಸೇರಿದೆವು. ಸರ್ ಬೀಗ ತೆಗೆದರು. ನೆಲದ ಮೇಲೆ ನೀರು ತೊಟ್ಟಿಕ್ಕಿ ಒಣಗಿದ ಕಲೆ, ತಾಟಿನಿಂದ ಒಂದು ಗೇಣು ಆಚೆ. ಒಂದೇ ಗೇಣು. ತಾಟನ್ನು ಎತ್ತಿ ಬೆಳಕಿಗೆ ತಂದರು. ಮಣ್ಣು ತಗಡಿನ ಅಂಚು ಬಿಟ್ಟು ಒಳಗೆ ಸರಿದಿತ್ತು. ಹೆಜ್ಜೆಯ ಸುತ್ತ ಬಿರುಕು ಬಾಯಿ ಬಿಟ್ಟಿತ್ತು.

"ಅಳಿ," ಅಂದರು ಸರ್, ವೆಂಕಣ್ಣನಿಗೆ.

ಅವನು ಅಳತೆಪಟ್ಟಿ ಇಟ್ಟ. ತೆಗೆದ. ಮತ್ತೆ ಇಟ್ಟ. ನನಗೆ ಅವನ ಕಿವಿಯ ಹಿಂಭಾಗವಷ್ಟೇ ಕಾಣುತ್ತಿತ್ತು. ಕಿವಿ ಕೆಂಪಾಗಿತ್ತು.

"ಹೇಳೋ!"

"ಒಂಬತ್ತೂ... ಅಲ್ಲ ಸರ್, ಒಂಬತ್ತೂ ಕಾಲರಾಗ ಸ್ವಲ್ಪ ಕಡಿಮಿ ಅದ. ಮುಕ್ಕಾಲು ಇಂಚಿನ ಮ್ಯಾಲೆ ಹೋಗೇದ."

ಸರ್ ತಾವೇ ಬಗ್ಗಿ ಅಳೆದರು. ಬೆರಳಿನಿಂದ ಮಣ್ಣು ಒತ್ತಿ ನೋಡಿದರು. "ತಳದಾಗ ಇನ್ನೂ ಹಸಿ ಐತಿ," ಅಂದರು. "ಪೂರಾ ಒಣಗಿದ್ರ ಇನ್ನೂ ಹೋಕ್ಕಿತ್ತು." ಬೂಟು ಬಿಚ್ಚಿ, ಅದೇ ಪಾದವನ್ನು ಅದೇ ಹೆಜ್ಜೆಯಲ್ಲಿ ಇಡಹೋದರು. ಹಿಮ್ಮಡಿ ಕೂತಿತು. ಬೆರಳುಗಳು ಹೊರಗೆ ಉಳಿದವು. ತಮ್ಮದೇ ಹೆಜ್ಜೆ ತಮಗೆ ಹಿಡಿಯಲಿಲ್ಲ.

ಮೇಜಿಗೆ ಹೋಗಿ ವರದಿ ತೆಗೆದು ತಮ್ಮ ಸಹಿಯ ಮೇಲೆ ಅಡ್ಡ ಗೀಟು ಎಳೆದರು. ಹೊಸ ಕಾಗದದ ಮೇಲೆ ಕೈಯಿಂದಲೇ ಬರೆದರು: ಒಣಗಿದ ಎರೆ ಮಣ್ಣಿನ ಹೆಜ್ಜೆ ಮೂಲ ಕಾಲಿಗಿಂತ ಚಿಕ್ಕದಾಗುವುದೆಂದು ಪರೀಕ್ಷೆಯಿಂದ ಸಿದ್ಧವಾಗಿದೆ; ಸುಳ್ಳದ ಹೆಜ್ಜೆ ಒಂಬತ್ತೂವರೆ ಇಂಚಿಗಿಂತ ಕಡಿಮೆಯಿಲ್ಲದ ಕಾಲಿನದು; ಶೇವಂತೆವ್ವನ ಕಾಲಿಗೆ ಹೊಂದುವುದಿಲ್ಲ. 'ಪರೀಕ್ಷೆ ಸೂಚಿಸಿದವರು' ಎಂದು ಬರೆದು ನನ್ನ ಹೆಸರು ಹಾಕಿದರು. ಸ್ವಲ್ಪ ತಡೆದು, "ನಿಮ್ಮವ್ವನ ಹೆಸರೇನು?" ಅಂದರು.

"ಅಕ್ಕವ್ವ."

ಅದನ್ನೂ ಬರೆದರು. ಬರೆದು ಕಾಗದ ನನ್ನ ಕೈಗೆ ಕೊಡದೆ ಎದ್ದರು. ಗೋಡೆಯ ದೊಡ್ಡ ಕಪಾಟು ತೆರೆದರು. ಹನ್ನೊಂದು ವರ್ಷದ ಎರಕಗಳು, ಸಾಲು ಸಾಲು ಬಿಳಿ ಪಾದಗಳು. ಪ್ರತಿಯೊಂದರ ಹೆಬ್ಬೆರಳಿಗೆ ದಾರ ಕಟ್ಟಿ ಚೀಟಿ. ಒಂದೊಂದಾಗಿ ತೆಗೆದು ಮೇಜಿನ ಮೇಲೆ ಇಡತೊಡಗಿದರು.

"ಕಲಘಟಗಿದು ಬಿಡು, ಅದು ಕೆಂಪ ಮಣ್ಣು," ಅಂದರು. "ನವಲಗುಂದ. ಅಣ್ಣಿಗೇರಿ. ಕುಂದಗೋಳ. ಇವು ಎರಿ. ಚೀಟಿ ಓದು ಅರ್ಜುನಾ. ಎಷ್ಟನೇ ದಿನಾ ತಗದದ್ದು ಅಂತ ಬರದಿರತೈತಿ."

ಓದಿದೆ. ಎರಡನೆಯ ದಿನ. ಆರನೆಯ ದಿನ. ಐದನೆಯ ದಿನ. ಎರೆ ಮಣ್ಣಿನ ಒಣ ಹೆಜ್ಜೆಗಳು ಏಳು ಇದ್ದವು. ಒಂದರ ಮೇಲೆ ಸಿದ್ದಲಿಂಗಪ್ಪ ಎಂದಿತ್ತು. ಆ ಹೆಸರು ಬಂದಾಗ ಸರ್ ಕುರ್ಚಿಯಲ್ಲಿ ಕೂತುಬಿಟ್ಟರು.

"ಹತ್ತು ವರ್ಷ ಸಜಾ ಆಗೇತಿ," ಅಂದರು. "ಬೆಳಗಾವಿ ಜೈಲಿನ್ಯಾಗ ಅದಾನ. ಕಾಲು ಸಣ್ಣದಿತ್ತು ಅವಂದು. ಅಳತಿ ಕೂತಿತ್ತು." ಕೈಯಲ್ಲಿದ್ದ ಪ್ಲಾಸ್ಟರ್ ಪಾದವನ್ನು ತಿರುಗಿಸಿ ನೋಡಿದರು. "ಅಂವಾ ಕೋರ್ಟಿನ್ಯಾಗ ನನ್ನ ಕಾಲ ಮುಟ್ಟಾಕ ಬಂದಿದ್ದ. ನಾ ಹಿಂದ ಸರದಿದ್ದೆ."

ಅವರನ್ನು ಬಯ್ಯಬೇಕೆಂದು ಏಳು ದಿನದಿಂದ ಕಟ್ಟಿಟ್ಟುಕೊಂಡ ಮಾತುಗಳನ್ನು ಅಲ್ಲೇ ಬಿಟ್ಟೆ. ಏಳೂ ಹೆಸರು, ಊರು, ಇಸವಿ ಒಂದು ಕಾಗದದ ಮೇಲೆ ಬರೆದುಕೊಂಡೆ. ಹೊಸ ವರದಿ ತೆಗೆದುಕೊಂಡು ಹುಬ್ಬಳ್ಳಿಗೆ ಹೊರಟೆ.

ಫೌಜದಾರರು ಓದಿ ಕಾಗದವನ್ನು ಮೇಜಿನ ಮೇಲೆ ಬಡಿದರು. "ಒಂಬತ್ತೂವರಿ ಇಂಚಿನ ಕಾಲು! ಊರಾಗ ಅರ್ಧಾ ಗಂಡಸರಿಗೆ ಅಷ್ಟ ಇರತಾವ. ಕುಬೇರಪ್ಪನವರ ಆಳಿಗೂ ಐತಿ, ನನಗೂ ಐತಿ. ಎಲ್ಲಾರನೂ ಅಳೀಲೇನು?"

"ಅಳೀರಿ ಸಾಹೇಬ್ರ," ಅಂದೆ. "ಮೊದಲ ಆಳಿಂದ ಸುರು ಮಾಡ್ರಿ."

ಅವರು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. ಆದರೆ ಗುರುಸಿದ್ದಯ್ಯನವರ ಕೈಬರಹದ ಮುಂದೆ ಏನೂ ಮಾಡುವಂತಿರಲಿಲ್ಲ. ಅವಳ ವಿರುದ್ಧ ಆ ಹೆಜ್ಜೆ ಬಿಟ್ಟರೆ ಬೈಗುಳವೊಂದೇ ಇದ್ದದ್ದು. ಸಾಯಂಕಾಲದೊಳಗೆ ಮ್ಯಾಜಿಸ್ಟ್ರೇಟರ ಹುಕುಂ ಬಂತು.

ಬಿಡಲು ಹೋದಾಗ ಶೇವಂತೆವ್ವ ಗೋಡೆಗೊರಗಿ ಕೂತಿದ್ದಳು. ನನ್ನನ್ನು ಕಂಡದ್ದೇ ತಡ, ಎರಡೂ ಕಾಲು ಸೀರೆಯೊಳಗೆ ಎಳೆದುಕೊಂಡಳು. ಅಂಚನ್ನು ಬೆರಳಿನಿಂದ ನೆಲಕ್ಕೆ ಒತ್ತಿ ಹಿಡಿದಳು, ಉಗುರೂ ಕಾಣದ ಹಾಗೆ.

"ಏಳ ಯಕ್ಕಾ," ಅಂದೆ. "ಊರಿಗೆ ಹೋಗು. ಬಿಟ್ಟಾರ."

ನಂಬಲಿಲ್ಲ. "ಖರೇನ?"

"ಖರೇ. ಅಳತಿ ತಪ್ಪಿತ್ತು. ನಾನ ತಪ್ಪ ಮಾಡಿದ್ದೆ."

ಅವಳು ಬೆರಳು ಮಡಚಿ ಎಣಿಸಿದಳು. "ಹದಿಮೂರು ದಿನಾ," ಅಂದಳು. "ಎಮ್ಮಿ ಹಾಲ ಯಾರ ಹಿಂಡಿದ್ರೋ ಏನೋ." ಗೋಡೆ ಹಿಡಿದು ಎದ್ದಳು. ಅಂಗಾಲಿನ ಅಂಚಿನಲ್ಲಿ ನಾನು ಹಚ್ಚಿದ ಮಸಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಬಾಗಿಲ ತನಕ ಹೋಗಿ, ನನ್ನ ಕಿಸೆಯಿಂದ ಹೊರಗೆ ಇಣುಕುತ್ತಿದ್ದ ಕಾಗದ ನೋಡಿ ನಿಂತಳು.

"ಅದು ಏನ್ರಿ? ಮತ್ತ ಯಾರ್ ಕಾಲ ಅಳ್ಯಾಕ ಹೊಂಟೀರಿ?"

ಕಾಗದವನ್ನು ಒಳಗೆ ತಳ್ಳಿದೆ. ಅದರಲ್ಲಿ ಏಳು ಹೆಸರಿದ್ದವು. ಬೆಳಗಾವಿಗೆ ಹೋಗುವ ಗಾಡಿ ಎಷ್ಟು ಗಂಟೆಗೆ ಎಂದು ಬಾಗಿಲ ಪೇದೆಯನ್ನು ಕೇಳಿದೆ.